ಗುಳಿಗೆ ತಲುಪಿತು, ಮೈ ನೋಡುವವರು ಯಾರು?

ಎಚ್‌ಐವಿ ಚಿಕಿತ್ಸೆಯ ಸರ್ಕಾರಿ ಕಾರ್ಯಕ್ರಮವನ್ನು ಮೊದಲು ಮನಸಾರೆ ಹೊಗಳಬೇಕು. 2004ರ ಏಪ್ರಿಲ್ 1ರಂದು ದೇಶದಲ್ಲಿ ಉಚಿತ ಎಆರ್‌ಟಿ (ಎಚ್‌ಐವಿ ವೈರಸ್ಸನ್ನು ಅಡಗಿಸುವ ಔಷಧ) ಶುರುವಾದಾಗ ಅದು ಸಿಗುತ್ತಿದ್ದದ್ದು ಬೆರಳೆಣಿಕೆಯ ಆಸ್ಪತ್ರೆಗಳಲ್ಲಿ. ಕರ್ನಾಟಕದವರಿಗೆ ಬೆಂಗಳೂರಿನ ಬೌರಿಂಗ್. ಶಿವಮೊಗ್ಗ ಜಿಲ್ಲೆಯ ಹೊಸನಗರದ ಮೂಲೆಯ ಹಳ್ಳಿಯವರ ಪಾಲಿಗೆ ಆ ಔಷಧ ಇದ್ದೂ ಇಲ್ಲದಂತೆಯೇ ಆಗಿತ್ತು. ಈಗ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೇ ಎಆರ್‌ಟಿ ಸಿಗುತ್ತದೆ. ರೋಗನಿರೋಧಕ ಶಕ್ತಿಯನ್ನು ತೋರಿಸುವ ಸಿಡಿ4 ಎಣಿಕೆ ಎಷ್ಟೇ ಇರಲಿ, ಸೋಂಕು ಖಚಿತವಾದ ಕೂಡಲೇ ಔಷಧ ಕೊಡಬೇಕೆಂಬ ನಿಯಮ 2017ರಲ್ಲಿ ಬಂತು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರನ್ನೂ ಸೇರಿಸಿದ ದಿನಕ್ಕೊಂದೇ ಗುಳಿಗೆ ಈಗ ಬಹುತೇಕ ಎಲ್ಲರ ಚಿಕಿತ್ಸೆ. ಅದನ್ನು ತಪ್ಪದೆ ನುಂಗಿದವರು ದಶಕಗಳ ಕಾಲ ದುಡಿದು ಬದುಕುತ್ತಾರೆ. ಇದು ಸಣ್ಣ ಸಾಧನೆಯಲ್ಲ.

ನನ್ನ ತಕರಾರು ಇರುವುದು ಕಾರ್ಯಕ್ರಮ ತನ್ನನ್ನು ಅಳೆದುಕೊಳ್ಳುವ ರೀತಿಯ ಬಗ್ಗೆ. ಜಗತ್ತಿಡೀ ಈಗ ಮೂರು 95ರ ಗುರಿ: ಸೋಂಕಿತರಲ್ಲಿ ನೂರಕ್ಕೆ 95 ಜನರಿಗೆ ತಮ್ಮ ಸ್ಥಿತಿ ಗೊತ್ತಿರಬೇಕು, ಅವರಲ್ಲಿ ನೂರಕ್ಕೆ 95 ಜನ ಔಷಧ ತೆಗೆದುಕೊಳ್ಳುತ್ತಿರಬೇಕು, ಅವರಲ್ಲೂ ನೂರಕ್ಕೆ 95 ಜನರ ರಕ್ತದಲ್ಲಿ ವೈರಸ್ ಅಡಗಿರಬೇಕು. ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ವೈರಸ್ ಅಡಗಿದವರ ಮೂತ್ರಪಿಂಡ ಹೇಗಿದೆ, ಹೃದಯ ಹೇಗಿದೆ, ತಡವಾಗಿ ಬಂದವರ ತಲೆನೋವಿನ ಹಿಂದೆ ಏನಿದೆ ಎಂಬ ಪ್ರಶ್ನೆಗಳಿಗೆ ಆ ಮೂರು ಅಂಕಿಗಳಲ್ಲಿ ಜಾಗವಿಲ್ಲ. ಗುಳಿಗೆ ತಲುಪಿಸುವುದರಲ್ಲಿ ಗೆದ್ದಿರುವ ವ್ಯವಸ್ಥೆ ಆ ಗುಳಿಗೆ ನುಂಗುವ ಮೈಯನ್ನು ಇಡಿಯಾಗಿ ನೋಡುವುದನ್ನು ಇನ್ನೂ ತನ್ನ ಕೆಲಸವೆಂದು ಎಣಿಸಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯಂಥ ತಾಲ್ಲೂಕುಗಳಲ್ಲಿ ಈ ಕೊರತೆ ಎದ್ದು ಕಾಣುತ್ತದೆ.

ಜ್ವರದಿಂದಲೇ ಶುರುಮಾಡೋಣ. ಮಲೆನಾಡಿನಲ್ಲಿ ಜ್ವರಕ್ಕೆ ಹೆಸರು ಬೇಗ ಸಿಗುತ್ತದೆ. ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಮಂಗನ ಕಾಯಿಲೆ. ಮಳೆ ಹಿಡಿದರೆ ಇಲಿಜ್ವರ, ಡೆಂಗಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಜೀವ ತೆಗೆದ ಮೇಲೆ ಜ್ವರವೆಂದರೆ ಮೊದಲು ಅದೇ ನೆನಪಾಗುವುದು ಸಹಜ, ಆ ಎಚ್ಚರ ಬೇಕು ಕೂಡ. ಆದರೆ ಎಚ್‌ಐವಿ ಇರುವವರ ಜ್ವರಕ್ಕೆ ಬೇರೆ ಪ್ರಶ್ನೆಗಳನ್ನೂ ಕೇಳಬೇಕು. ಮಂಗನ ಕಾಯಿಲೆ ಏಕಾಏಕಿ ಏರಿ ಮೈಯೆಲ್ಲ ಜಜ್ಜಿದಂತೆ ಮಾಡುತ್ತದೆ. ಕ್ಷಯ ಹಾಗಲ್ಲ. ಸಂಜೆ ಮೈ ಬಿಸಿ, ರಾತ್ರಿ ಬೆವರು, ಊಟ ಸೇರದಿರುವುದು, ಸಡಿಲಾಗುವ ಬಟ್ಟೆ: ವಾರಗಟ್ಟಲೆ ತೆವಳಿಕೊಂಡೇ ಬರುತ್ತದೆ. ರೋಗನಿರೋಧಕ ಶಕ್ತಿ ತೀರಾ ಕುಸಿದವರಲ್ಲಿ ಕ್ಷಯವು ಶ್ವಾಸಕೋಶದಲ್ಲಿ ಗೂಡು ಮಾಡದೆ ದುಗ್ಧಗ್ರಂಥಿ, ಹೊಟ್ಟೆ, ಮಿದುಳಿನ ಪೊರೆಗೆ ಹರಡುವುದುಂಟು. ಆಗ ಕಫದಲ್ಲಿ ಸೂಕ್ಷ್ಮದರ್ಶಕಕ್ಕೆ ಏನೂ ಸಿಗುವುದಿಲ್ಲ, ಎಕ್ಸ್‌ರೇ ಕೂಡ ಸುಮಾರಾಗಿ ಸರಿಯಾಗಿಯೇ ಕಾಣಬಹುದು. ‘ಟಿಬಿ ಇಲ್ಲ’ ಎಂಬ ಚೀಟಿ ಹಿಡಿದು ಮನೆಗೆ ಹೋದವರು ಟಿಬಿಯಿಂದಲೇ ಸಾಯುವುದು ಹೀಗೆ. ಜಗತ್ತಿನಲ್ಲಿ ಎಚ್‌ಐವಿ ಇರುವವರನ್ನು ಅತಿ ಹೆಚ್ಚು ಕೊಲ್ಲುವ ರೋಗ ಇವತ್ತಿಗೂ ಕ್ಷಯವೇ.

ತಲೆನೋವು ಇನ್ನೂ ಮೋಸದ್ದು. ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಮಿದುಳಿನ ಪೊರೆಗೆ ಹತ್ತಿದಾಗ ಕುತ್ತಿಗೆ ಬಿಗಿಯಾಗಲೇಬೇಕೆಂದಿಲ್ಲ, ಜ್ವರವೂ ಜೋರಾಗಿರಬೇಕೆಂದಿಲ್ಲ. ವಾರಗಳ ಕಾಲ ತಲೆ ಸಿಡಿತ, ವಾಂತಿ, ಕಣ್ಣು ಮಂಜು. ಪಿತ್ತವೆಂದೋ ಮೈಗ್ರೇನ್ ಎಂದೋ ಗುಳಿಗೆ ನುಂಗುತ್ತಾ ದಿನ ಕಳೆಯುತ್ತವೆ. ಚಿಕಿತ್ಸೆ ಸಿಗದಿದ್ದರೆ ಬದುಕುವವರು ಇಲ್ಲವೆಂದೇ ಹೇಳಬೇಕು. ಆದರೆ ಸಿಡಿ4 ಎಣಿಕೆ 200ಕ್ಕಿಂತ ಕೆಳಗಿದ್ದವರ ರಕ್ತದ ಒಂದು ಹನಿಯಲ್ಲಿ ಈ ಶಿಲೀಂಧ್ರದ ಗುರುತನ್ನು ಲಕ್ಷಣ ಕಾಣುವ ಮೊದಲೇ ಹಿಡಿಯಬಹುದು. ಪರೀಕ್ಷೆಗೆ ಬೇಕಾದದ್ದು ಒಂದು ಪರೀಕ್ಷಾ ಪಟ್ಟಿ, ಕೆಲವು ನಿಮಿಷ. ಎಣಿಕೆ 200ಕ್ಕಿಂತ ಕಡಿಮೆ ಇದ್ದರೆ ಅದನ್ನು ಮುಂದುವರಿದ ಎಚ್‌ಐವಿ ರೋಗವೆಂದು ವಿಶ್ವ ಆರೋಗ್ಯ ಸಂಸ್ಥೆ ಕರೆಯುತ್ತದೆ. ಅಂಥವರಿಗೆ ಈ ಪರೀಕ್ಷೆ, ಮೂತ್ರದಲ್ಲಿ ಕ್ಷಯದ ಗುರುತು ನೋಡುವ ಪರೀಕ್ಷೆ, ಕೋಟ್ರೈಮೊಕ್ಸಜೋಲ್ ಗುಳಿಗೆ, ಕ್ಷಯ ತಡೆಯುವ ಔಷಧ ಎಲ್ಲವನ್ನೂ ಒಟ್ಟಿಗೆ ಕೊಡಬೇಕೆಂಬುದು ಅದರ ಸಲಹೆ. ಪುಸ್ತಕದಲ್ಲಿ ಇದೆಲ್ಲ ಇದೆ. ರೋಗಿ ಮೊದಲು ಬಾಗಿಲು ತಟ್ಟುವ ತಾಲ್ಲೂಕು ಆಸ್ಪತ್ರೆಗೆ ಇದನ್ನು ಇಳಿಸಬೇಕು.

‘ಪರೀಕ್ಷೆ ಮಾಡಿದ ದಿನವೇ ಔಷಧ’ ಎಂಬ ಒಳ್ಳೆಯ ನಿಯಮವೂ ಇಲ್ಲಿ ಮುಗ್ಗರಿಸುವುದುಂಟು. ಮಿದುಳಿನ ಪೊರೆಯಲ್ಲಿ ಸೋಂಕಿರುವವರಿಗೆ ಎಆರ್‌ಟಿಯನ್ನು ನಾಲ್ಕಾರು ವಾರ ತಡೆದು, ಆ ಸೋಂಕಿಗೆ ಮೊದಲು ಮದ್ದು ಕೊಡಬೇಕು. ಇಲ್ಲದಿದ್ದರೆ ಚೇತರಿಸಿಕೊಳ್ಳುವ ರೋಗನಿರೋಧಕ ಶಕ್ತಿಯೇ ಅಡಗಿದ್ದ ಸೋಂಕಿನ ಮೇಲೆ ಹರಿಹಾಯ್ದು ಮಿದುಳು ಊದಿಕೊಳ್ಳಬಹುದು. ‘ಔಷಧ ಶುರುಮಾಡಿದ ಮೇಲೇ ಹೋದರು’ ಎಂಬ ಮಾತು ಹಳ್ಳಿಯಲ್ಲಿ ಹುಟ್ಟಿಕೊಂಡರೆ ಮುಂದಿನವರು ಔಷಧದ ಹತ್ತಿರವೇ ಸುಳಿಯುವುದಿಲ್ಲ. ತಲೆನೋವಿದೆಯೇ ಎಂದು ಕೇಳುವ ಅರ್ಧ ನಿಮಿಷವನ್ನು ಯಾವ ನಿಯಮವೂ ಕಸಿಯಬಾರದು.

ಔಷಧವೇ ತರುವ ತೊಡಕುಗಳದು ಇನ್ನೊಂದು ಕಥೆ. ಆರಂಭದ ವರ್ಷಗಳ ಸ್ಟಾವುಡಿನ್ ಜೀವ ಉಳಿಸಿತು, ಜೊತೆಗೆ ಕೆನ್ನೆಯ ಕೊಬ್ಬನ್ನು ಕರಗಿಸಿತು, ಪಾದ ಜೋಮು ಹಿಡಿಸಿತು. ಅಡಿಕೆ ಮರದ ನೆತ್ತಿಯಲ್ಲಿ ಕಾಲ ಹಿಡಿತವನ್ನೇ ನಂಬಿ ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಕೊನೆಗಾರನಿಗೆ ಪಾದದ ಸ್ಪರ್ಶ ಹೋಯಿತೆಂದರೆ ಕಸುಬೇ ಹೋದಂತೆ. ಕೆನ್ನೆ ಗುಳಿಬಿದ್ದ ಮುಖ ನೋಡಿಯೇ ಊರು ರೋಗವನ್ನು ಊಹಿಸುತ್ತಿತ್ತು. ಗುಟ್ಟು ಕಾಪಾಡಬೇಕಾದ ಮದ್ದೇ ಅದನ್ನು ಬಯಲು ಮಾಡಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಟಾವುಡಿನ್ ಕೈಬಿಡಲು ಹೇಳಿತು. ಹಳೆಯ ರೋಗಿಗಳ ಪಾದದ ಜೋಮು ಮಾತ್ರ ಹಲವರಲ್ಲಿ ಉಳಿದೇ ಇದೆ. ಕ್ಷಯ ತಡೆಯಲು ಕೊಡುವ ಐಸೋನಿಯಾಜಿಡ್ ಕೂಡ ನರಕ್ಕೆ ಪೆಟ್ಟು ಕೊಡಬಲ್ಲದು, ಬಿ6 ಜೀವಸತ್ವವನ್ನು ಜೊತೆಗೆ ಕೊಡುವುದು ಅದಕ್ಕೇ.

ಈಗಿನ ಗುಳಿಗೆ ಅದಕ್ಕಿಂತ ಎಷ್ಟೋ ಸೌಮ್ಯ. ಹಾಗೆಂದು ಕಣ್ಣು ಮುಚ್ಚುವಂತಿಲ್ಲ. ಟೆನೊಫೊವಿರ್ ಕೆಲವರ ಮೂತ್ರಪಿಂಡಕ್ಕೆ ಭಾರವಾಗುತ್ತದೆ, ಮೂಳೆಯ ಗಟ್ಟಿತನ ತಗ್ಗಿಸುತ್ತದೆ. ತೋಟದ ಕೆಲಸ, ಹೊರೆ, ಅಡಿಕೆ ಸುಲಿಯುತ್ತಾ ರಾತ್ರಿಯವರೆಗೆ ಕೂತ ಸೊಂಟ: ಮಲೆನಾಡಿನಲ್ಲಿ ಮೈಕೈ ನೋವಿಲ್ಲದವರು ಯಾರು? ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಡೈಕ್ಲೊಫೆನಾಕ್ ಸಿಗುತ್ತದೆ. ಟೆನೊಫೊವಿರ್ ಜೊತೆಗೆ ಆ ನೋವಿನ ಗುಳಿಗೆಯನ್ನು ದಿನಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ ಬೀಳುವ ಪೆಟ್ಟು ಎರಡು ಕಡೆಯದು. ರಕ್ತಹೀನತೆಗೆ ಕೊಡುವ ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ, ಎದೆಯುರಿಗೆ ನುಂಗುವ ಆಂಟಾಸಿಡ್ ಖಾಲಿ ಹೊಟ್ಟೆಯಲ್ಲಿ ಜೊತೆಯಾದರೆ ಡೊಲುಟೆಗ್ರಾವಿರ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಊಟದ ಜೊತೆಗಾದರೆ ಪರವಾಗಿಲ್ಲ; ಆಂಟಾಸಿಡ್‌ಗೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಡೊಲುಟೆಗ್ರಾವಿರ್ ನುಂಗಬೇಕು. ಕ್ಷಯಕ್ಕೆ ರಿಫಾಂಪಿಸಿನ್ ಶುರುವಾದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕು. ಡೊಲುಟೆಗ್ರಾವಿರ್ ನುಂಗುವವರಿಗೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಪ್ರಮಾಣಕ್ಕೂ ಮಿತಿ ಹಾಕಬೇಕು. ಇಷ್ಟನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಒಂದು ಹಾಳೆಯಲ್ಲಿ ಅಂಟಿಸಿದರೂ ಎಷ್ಟೋ ಕೆಡುಕು ತಪ್ಪುತ್ತದೆ.

ಆದರೆ ಪ್ರಾಥಮಿಕ ಕೇಂದ್ರದ ವೈದ್ಯರಿಗೆ ರೋಗಿ ತನ್ನ ಎಚ್‌ಐವಿ ವಿಷಯ ಹೇಳಿರುವುದೇ ಕಡಿಮೆ. ಸಣ್ಣ ಊರು, ಎಲ್ಲರಿಗೂ ಎಲ್ಲರ ಗುರುತು. ಕಾಂಪೌಂಡರ್ ನೆಂಟ, ನರ್ಸ್ ಪಕ್ಕದ ಕೇರಿಯವರು. ಹಾಗಾಗಿ ಹತ್ತಿರದಲ್ಲಿ ಔಷಧ ಸಿಗುವಂತಿದ್ದರೂ ದೂರದ ಊರನ್ನೇ ಆರಿಸಿಕೊಳ್ಳುವವರಿದ್ದಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಕೇಂದ್ರಗಳಿಂದ ಶಿವಮೊಗ್ಗಕ್ಕೆ ಸುಮಾರು 60–70 ಕಿಲೋಮೀಟರ್. ಹಳ್ಳಿಯಿಂದ ತಾಲ್ಲೂಕಿಗೆ ಬರುವ ದಾರಿ ಬೇರೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು ಸಿಗಂದೂರು ಸೇತುವೆ 2025ರ ಜುಲೈಯಲ್ಲಿ ತೆರೆಯುವವರೆಗೆ ಲಾಂಚ್ ಕಾದೇ ಈಚೆ ದಡಕ್ಕೆ ಬರಬೇಕಿತ್ತು. ಒಂದು ದಿನದ ಕೂಲಿ, ಬಸ್ ಚಾರ್ಜು, ಮನೆಯಲ್ಲಿ ಹೇಳಿ ಬಂದ ಒಂದು ಸುಳ್ಳು. ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಡುವ ಪದ್ಧತಿ ಇವರಿಗೆ ದೊಡ್ಡ ಉಪಕಾರ, ಅದನ್ನು ಹಿಂತೆಗೆಯಬಾರದು. ಆದರೆ ವರ್ಷಕ್ಕೆ ನಾಲ್ಕೇ ಸಲ ಬರುವವರನ್ನು ಆ ನಾಲ್ಕು ಸಲವಾದರೂ ತೂಕ, ಬಿಪಿ, ಸಕ್ಕರೆ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡದೆ ಕಳಿಸುವುದು ಸಲ್ಲದು. 2018ರ ಸೆಪ್ಟೆಂಬರ್ 10ರಂದು ಜಾರಿಯಾದ ಎಚ್‌ಐವಿ ಕಾಯ್ದೆ ಗೋಪ್ಯತೆಯನ್ನು ಹಕ್ಕೆಂದು ಒಪ್ಪಿದೆ, ಚಿಕಿತ್ಸೆಯಲ್ಲಿ ತಾರತಮ್ಯವನ್ನು ನಿಷೇಧಿಸಿದೆ. ಆ ಹಕ್ಕು ತಾಲ್ಲೂಕಿನಲ್ಲೇ ನಡೆಯುತ್ತದೆಂಬ ಭರವಸೆ ಹುಟ್ಟಿದರೆ ಎಷ್ಟೋ ಜನ ದೂರದ ಬಸ್ಸು ಹತ್ತಬೇಕಿಲ್ಲ.

ಚಿಕಿತ್ಸೆ ಯಶಸ್ವಿಯಾದ್ದರಿಂದಲೇ ಹುಟ್ಟಿದ ಹೊಸ ಪ್ರಶ್ನೆಯೂ ಒಂದಿದೆ. 2004ರಲ್ಲಿ ಮೂವತ್ತರವರು ಈಗ ಐವತ್ತು ದಾಟಿದ್ದಾರೆ. ವೈರಸ್ ಅಡಗಿದ್ದರೂ ಒಳಗಿನ ಉರಿಯೂತ ಪೂರ್ತಿ ಆರುವುದಿಲ್ಲ, ಹೃದಯಾಘಾತ ಉಳಿದವರಿಗಿಂತ ಬೇಗ, ಹೆಚ್ಚಾಗಿ ಬರುತ್ತದೆ. 12 ದೇಶಗಳ 7,769 ಎಚ್‌ಐವಿ ಸೋಂಕಿತರ ಮೇಲೆ ನಡೆದ ರಿಪ್ರೀವ್ ಅಧ್ಯಯನ 2023ರಲ್ಲಿ ತಿಳಿಸಿದ್ದೇನೆಂದರೆ, ಕೊಲೆಸ್ಟರಾಲ್ ತಗ್ಗಿಸುವ ಪಿಟಾವಾಸ್ಟಾಟಿನ್ ಗುಳಿಗೆ ಪಡೆದವರಲ್ಲಿ ಹೃದಯ ಮತ್ತು ರಕ್ತನಾಳದ ಗಂಭೀರ ತೊಂದರೆಗಳು ಶೇಕಡಾ 35ರಷ್ಟು ಕಡಿಮೆ. ಇನ್ನು ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಅಪಾಯ ಸುಮಾರು ಆರು ಪಟ್ಟು. ತಪಾಸಣೆಯಿಂದ ಮೊದಲೇ ಹಿಡಿದು ತಡೆಯಬಹುದಾದ ಕ್ಯಾನ್ಸರ್ ಇದು; ಔಷಧಕ್ಕೆಂದು ಬಂದ ದಿನವೇ ಆ ತಪಾಸಣೆಯೂ ಆಗಬೇಕು.

ಜಿಲ್ಲಾ ಆಡಳಿತದಿಂದ, ತಾಲ್ಲೂಕು ವೈದ್ಯರಿಂದ ಕೇಳಬೇಕಾದದ್ದು ದೊಡ್ಡ ಕಟ್ಟಡವನ್ನಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ರಿಪ್ಟೊಕಾಕಸ್ ಹಿಡಿಯುವ ರಕ್ತದ ಪಟ್ಟಿ, ಕ್ಷಯ ಹಿಡಿಯುವ ಮೂತ್ರದ ಪಟ್ಟಿ ಸದಾ ಇರಲಿ. ವರ್ಷಕ್ಕೊಮ್ಮೆಯಾದರೂ ಪ್ರತಿ ಸೋಂಕಿತರ ಪೂರ್ತಿ ತಪಾಸಣೆ ಆಗಲಿ, ಆದದ್ದು ಲೆಕ್ಕಕ್ಕೂ ಬರಲಿ. ಓದುಗರಲ್ಲಿ ಯಾರಾದರೂ ಈ ಔಷಧ ತೆಗೆದುಕೊಳ್ಳುತ್ತಿದ್ದರೆ, ಬಿಡದ ಜ್ವರವನ್ನೂ ತಲೆನೋವನ್ನೂ ಸಹಿಸಿಕೊಂಡು ಕೂರಬೇಡಿ, ನೋವಿನ ಗುಳಿಗೆಯನ್ನು ಕೇಳದೆ ನುಂಗಬೇಡಿ, ಎಆರ್‌ಟಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹೆಸರು ಹೇಳದೆಯೂ ಕೇಳಬಹುದಾದ ರಾಷ್ಟ್ರೀಯ ಏಡ್ಸ್ ಸಹಾಯವಾಣಿಯ ಸಂಖ್ಯೆ 1097, ಕರೆ ಉಚಿತ.