ಬ್ರೂಟಸನ ಸುವರ್ಣನಾಣ್ಯದ ಅರ್ಥವಿಚಾರ

ರೋಮಕರ ನಾಣ್ಯಗಳಲ್ಲಿ, ಬ್ರೂಟಸನು ಕ್ರಿ. ಪೂ. 43-42ರಲ್ಲಿ ತನ್ನ ಸೇನೆಯೊಡನೆ ಸಂಚರಿಸುತ್ತಿದ್ದ ಟಂಕಸಾಲೆಯಲ್ಲಿ ಹೊಡೆಯಿಸಿದ ನಾಣ್ಯವು ಸುಪ್ರಸಿದ್ಧವಾದುದು. ಬೆಳ್ಳಿಯಲ್ಲಿ ಇದರ ಪ್ರತಿಗಳು ಹಲವಿವೆ. ಚಿನ್ನದ ಪ್ರತಿಗಳು ಮೂರೆಂದು ನಾಣ್ಯಶಾಸ್ತ್ರಜ್ಞರ ಎಣಿಕೆ. ಹಿಂಬದಿಯಲ್ಲಿ ಎರಡು ಕಠಾರಿಗಳು, ಅವುಗಳ ನಡುವೆ ಒಂದು ಟೊಪ್ಪಿಗೆ, ಕೆಳಗೆ ಮಾರ್ಚಿ ಮಾಸದ ಮಧ್ಯದಿನವನ್ನು ಸೂಚಿಸುವ ಲೇಖ. ಸೀಸರನು ಹತನಾದುದು ಕ್ರಿ. ಪೂ. 44ರ ಆ ದಿನವೇ. ಟೊಪ್ಪಿಗೆಯಾದರೋ ದಾಸ್ಯದಿಂದ ಬಿಡುಗಡೆಹೊಂದಿದವನು ಧರಿಸುತ್ತಿದ್ದ ‘ಪಿಲಿಯಸ್’.

ತಾನೂ ಕಾಸಿಯಸನೂ ತಾಯ್ನಾಡನ್ನು ಬಿಡಿಸಿದೆವೆಂಬುದೇ ಬ್ರೂಟಸನ ಅಭಿಪ್ರಾಯವೆಂದು ಚರಿತ್ರಕಾರನಾದ ಡಿಯೊ ವಿವರಿಸಿದ್ದಾನೆ. ಈ ವ್ಯಾಖ್ಯಾನವು ಹಿಂಬದಿಗೆ ಒಪ್ಪುವುದು. ಇಡೀ ನಾಣ್ಯಕ್ಕೆ ಸಾಲದು. ಒಂದು ಪದವನ್ನು ಬಿಟ್ಟು ವಾಕ್ಯಾರ್ಥವನ್ನು ಹೇಳಬಹುದೆ?

ಮುಂಬದಿಯಲ್ಲಿರುವುದು ಬ್ರೂಟಸನದೇ ಮುಖ. ಜೀವಂತನಾದ ರೋಮಕನ ಮುಖವನ್ನು ರೋಮಾನಗರದ ನಾಣ್ಯದಲ್ಲಿ ಮೊದಲು ಮೂಡಿಸಿದ್ದು ಕ್ರಿ. ಪೂ. 44ರಲ್ಲಿ, ಸೀಸರನಿಗಾಗಿ. ಅದಕ್ಕೆ ಹತ್ತು ವರ್ಷಗಳ ಹಿಂದೆ ಇದೇ ಬ್ರೂಟಸನು ತನ್ನ ಬೆಳ್ಳಿಯ ನಾಣ್ಯದಲ್ಲಿ ಸ್ವಾತಂತ್ರ್ಯದೇವಿಯನ್ನೂ, ಅರಸರನ್ನು ಹೊರದೂಡಿದನೆಂದು ಖ್ಯಾತನಾದ ಪೂರ್ವಜನನ್ನೂ ಚಿತ್ರಿಸಿದ್ದನು. ಈಗ ಆ ಸ್ಥಾನದಲ್ಲಿ ತಾನೇ ನಿಂತಿದ್ದಾನೆ. ಹೀಗೆ ಹಿಂಬದಿಯು ಏಕಾಧಿಪತ್ಯದ ವಧೆಯನ್ನು ಕೊಂಡಾಡುತ್ತಿರಲು, ಮುಂಬದಿಯು ಹತನಾದವನ ಚಿಹ್ನೆಯನ್ನೇ ಧರಿಸಿದೆ.

ಸಂಬಳ ಕೊಡುವ ಸೇನಾಪತಿಯು ಯಾರೆಂದು ಸೈನಿಕನಿಗೆ ತಿಳಿಯಬೇಡವೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೇ. ಆದರೆ ಅದರಿಂದ ನಮ್ಮ ಪಕ್ಷವು ದೃಢವಾಗುವುದೇ ಹೊರತು ಶಿಥಿಲವಾಗದು. ಗಣರಾಜ್ಯದ ಹೆಸರಿನಲ್ಲಿ ಯುದ್ಧಕ್ಕೆ ಹೊರಟವನೂ ಸೇನೆಯನ್ನು ಒಬ್ಬನ ಮುಖದಿಂದಲೇ ಕಟ್ಟಬೇಕಾಯಿತು. ವಕ್ತೃವು ಉದ್ದೇಶಿಸದ ಈ ಅರ್ಥವು ಎರಡು ಬದಿಗಳ ವಿರೋಧದಿಂದ ತಾನಾಗಿ ಸ್ಫುರಿಸುತ್ತದೆ.

ಕ್ರಿ. ಪೂ. 42ರಲ್ಲಿ ಫಿಲಿಪ್ಪಿಯ ರಣದಲ್ಲಿ ಸೋತು ಬ್ರೂಟಸನು ಮಡಿದನು. ಕ್ರಿ. ಪೂ. 27ರಲ್ಲಿ ಆಗಸ್ಟಸನು ಹೊರಡಿಸಿದ ಒಂದು ಸುವರ್ಣನಾಣ್ಯದಲ್ಲಿ ಗರುಡಪಕ್ಷಿಯು ಓಕ್ ಎಲೆಗಳ ಮಾಲೆಯನ್ನು ಹಿಡಿದಿದೆ. ಪ್ರಜೆಯ ಪ್ರಾಣವನ್ನುಳಿಸಿದವನಿಗೆ ಸಲ್ಲುತ್ತಿದ್ದ ಮಾಲೆಯದು. ಮುಂಬದಿಯಲ್ಲಿ ಆಗಸ್ಟಸನ ಮುಖ. ರಕ್ಷಕನೊಬ್ಬನು, ರಕ್ಷಿತರು ಉಳಿದವರೆಲ್ಲ: ಇಲ್ಲಿ ಎರಡು ಬದಿಗಳಿಗೂ ವಿರೋಧವಿಲ್ಲ. ಬ್ರೂಟಸನ ನಾಣ್ಯದಲ್ಲಿ ಇನ್ನೂ ಉಳಿದಿದ್ದ ವಿವಾದವು ಈ ನಾಣ್ಯದಲ್ಲಿ ತೀರ್ಮಾನವಾಗಿಹೋಗಿದೆ. ಆದುದರಿಂದ ನಾಣ್ಯದ ಸಂಕೇತಗಳಿಗೆ ಅರ್ಥಹೇಳುವವರು ಎರಡು ಬದಿಗಳನ್ನೂ ಒಂದೇ ವಾಕ್ಯವೆಂದು ಓದತಕ್ಕದ್ದು.