ವಿಘಟನ ತಾಪ: ಅಂಕಿಯನ್ನು ಎಷ್ಟು ನಂಬಬೇಕು?

ಪದಾರ್ಥವನ್ನು ಒಂದೇ ದರದಲ್ಲಿ ಕಾಯಿಸುತ್ತ ಅದರ ತೂಕ ಹೇಗೆ ಬದಲಾಗುತ್ತದೆಂದು ದಾಖಲಿಸುವ ವಿಧಾನವೇ ಥರ್ಮೋಗ್ರಾವಿಮೆಟ್ರಿ. ಜಪಾನಿನ ಕೊಟಾರೊ ಹೋಂಡಾ 1915ರಲ್ಲಿ ವಿವರಿಸಿದ ಉಷ್ಣತಕ್ಕಡಿ ಇಂದು ಕಂಪ್ಯೂಟರಿಗೆ ಜೋಡಿಸಿದ ಉಪಕರಣವಾಗಿದೆ. ಆದರೆ ಅದರ ಫಲಿತಾಂಶವನ್ನು ಅನೇಕ ಪಠ್ಯಗಳೂ ಪ್ರಾಜೆಕ್ಟ್ ವರದಿಗಳೂ ಬರೆಯುವ ರೀತಿ ಆಕ್ಷೇಪಾರ್ಹ.

ಕ್ಯಾಲ್ಸಿಯಂ ಆಕ್ಸಲೇಟ್ ಮಾನೋಹೈಡ್ರೇಟಿನ ಉದಾಹರಣೆಯನ್ನು ನೀವು ಓದಿರಬಹುದು. ಕಾಯಿಸಿದಾಗ ಮೊದಲು ನೀರು, ಅನಂತರ ಕಾರ್ಬನ್ ಮಾನಾಕ್ಸೈಡ್, ಕೊನೆಗೆ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತವೆ. ತೂಕದ ಇಳಿತ ಕ್ರಮವಾಗಿ ಶೇ. 12.3, 19.2 ಮತ್ತು 30.1. ಈ ಅಂಕಿಗಳು ರಾಸಾಯನಿಕ ಸೂತ್ರದಿಂದಲೇ ಬರುವುದರಿಂದ ಪ್ರಯೋಗಾಲಯ ಬದಲಾದರೂ ಬದಲಾಗವು. ಆದರೆ ಪ್ರತಿ ಹಂತಕ್ಕೂ ಒಂದೊಂದು ತಾಪವನ್ನು, ಅದು ದ್ರವನಬಿಂದುವೋ ಎಂಬಂತೆ, ಬರೆದುಬಿಡುವುದು ತಪ್ಪು.

ಕೊನೆಯ ಹಂತವನ್ನೇ ನೋಡಿ. ಅಲ್ಲಿ ಒಡೆಯುವುದು ಕ್ಯಾಲ್ಸಿಯಂ ಕಾರ್ಬೊನೇಟ್. ನೈಟ್ರೋಜನ್ ಹರಿಯುತ್ತಿದ್ದರೆ ಅದು ಸುಮಾರು 600 ಡಿಗ್ರಿ ಸೆಲ್ಸಿಯಸ್‌ನಿಂದಲೇ ಒಡೆಯತೊಡಗುತ್ತದೆ. ಒಂದು ವಾತಾವರಣ ಒತ್ತಡದ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು 900 ಡಿಗ್ರಿವರೆಗೂ ಕಾಯಬೇಕು. ಆಳವಾದ ಮೂಸೆಯಲ್ಲಿ ಪುಡಿಯನ್ನು ಒತ್ತಿ ತುಂಬಿದರೆ, ಹೊರಬಂದ ಅನಿಲ ಅಲ್ಲೇ ನಿಂತು ವಿಘಟನೆಯನ್ನು ತಡಮಾಡುತ್ತದೆ. ಕಾಯಿಸುವ ವೇಗ ಹೆಚ್ಚಿದಂತೆ ವಕ್ರರೇಖೆಯೂ ಹೆಚ್ಚಿನ ತಾಪದತ್ತ ಸರಿಯುತ್ತದೆ. ಇದಲ್ಲದೆ, ಉಷ್ಣಯುಗ್ಮ ಸಾಮಾನ್ಯವಾಗಿ ಅಳೆಯುವುದು ಮಾದರಿಯ ಪಕ್ಕದ ತಾಪವನ್ನು, ಅದರ ಒಳಗಿನ ತಾಪವನ್ನಲ್ಲ.

ತೂಕದ ಅಂಕಿಯೂ ದೋಷಮುಕ್ತವಲ್ಲ. ಗಾಳಿ ಪ್ರತಿಯೊಂದು ವಸ್ತುವನ್ನೂ ಸ್ವಲ್ಪ ಮೇಲಕ್ಕೆ ಒತ್ತುತ್ತದೆ. ಕೋಣೆಯ ತಾಪದಲ್ಲಿ ಒಂದು ಘನ ಸೆಂಟಿಮೀಟರ್ ಗಾಳಿಯ ತೂಕ ಸುಮಾರು 1.2 ಮಿಲಿಗ್ರಾಂ, 325 ಡಿಗ್ರಿಯ ಹೊತ್ತಿಗೆ ಅದು ಅರ್ಧವಾಗುತ್ತದೆ. ಮೂಸೆ ಮತ್ತು ಅದರ ಹಿಡಿಕೆಯ ಗಾತ್ರ 0.1 ಘನ ಸೆಂಟಿಮೀಟರ್ ಎನ್ನಿ. ಒತ್ತುವ ಬಲ ಕುಗ್ಗಿದ್ದರಿಂದ ತಕ್ಕಡಿ 0.06 ಮಿಲಿಗ್ರಾಂ ಹೆಚ್ಚು ತೋರಿಸುತ್ತದೆ. ಮಾದರಿ 10 ಮಿಲಿಗ್ರಾಂ ಇದ್ದರೆ ಇದು ಶೇ. 0.6ರ ದೋಷ. ಖಾಲಿ ಮೂಸೆಯನ್ನು ಅದೇ ಕ್ರಮದಲ್ಲಿ ಕಾಯಿಸಿ ಬಂದ ಅಂಕಿಗಳನ್ನು ಕಳೆದರೆ ಇದು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಎಷ್ಟೋ ವರದಿಗಳಲ್ಲಿ ಇದರ ಪ್ರಸ್ತಾಪವೇ ಇರುವುದಿಲ್ಲ.

ಇದರ ಪರಿಣಾಮ ಪುಸ್ತಕಕ್ಕೆ ಸೀಮಿತವಲ್ಲ. ಎರಡು ಪ್ಲಾಸ್ಟಿಕ್‌ಗಳಲ್ಲಿ ಯಾವುದು ಹೆಚ್ಚು ತಾಪ ತಾಳುತ್ತದೆಂದು ಇಂಥ ಅಂಕಿಗಳಿಂದಲೇ ತೀರ್ಮಾನಿಸುತ್ತಾರೆ. ಒಂದನ್ನು ನಿಮಿಷಕ್ಕೆ 5 ಡಿಗ್ರಿಯಂತೆ, ಇನ್ನೊಂದನ್ನು 20 ಡಿಗ್ರಿಯಂತೆ ಕಾಯಿಸಿದ್ದರೆ ಆ ಹೋಲಿಕೆಗೆ ಅರ್ಥವಿಲ್ಲ.

ಆದ್ದರಿಂದ ವಿಘಟನ ತಾಪ ಎಂಬ ಅಂಕಿ ಕಂಡಾಗ ಮಾದರಿಯ ತೂಕ, ಮೂಸೆಯ ಬಗೆ, ಕಾಯಿಸಿದ ವೇಗ, ಹರಿಸಿದ ಅನಿಲ ಇವನ್ನೂ ಹುಡುಕಿ. ಇವು ಇಲ್ಲದಿದ್ದರೆ ಆ ಅಂಕಿಯನ್ನು ಪದಾರ್ಥದ ಗುಣವೆಂದು ಒಪ್ಪಬೇಡಿ.