ಏರಿಯಲ್ಲಿನ ಉದ್ದ

ಪೋರ್ಟಬಲ್ ಶಾರ್ಟ್‌ವೇವ್ ರೇಡಿಯೋವನ್ನು ಕೊಂಡವರು ಕೆಲದಿನಗಳೊಳಗೆ ಅದರ ಕಡ್ಡಿ ಏರಿಯಲ್ ಸಾಲದೆಂದು ನಿಶ್ಚಯಿಸಿ, ಮಾಳಿಗೆಯ ಮೇಲೆ ಎಷ್ಟುದ್ದದ ತಂತಿಯನ್ನು ಕಟ್ಟಬೇಕೆಂದು ವಿಚಾರಿಸತೊಡಗುವರು. ಉದ್ದವೇ ಗುಣವೆಂಬ ಈ ನಂಬುಗೆ ವಾಲ್ವು ರೇಡಿಯೋಗಳ ಕಾಲದಿಂದ ಬಂದುದು. ಎರಡು ಗಳುಗಳ ನಡುವೆ ತಾಮ್ರದ ತಂತಿಯನ್ನು ಬಿಗಿದು, ಭೂಮಿಗೆ ಮತ್ತೊಂದನ್ನು ಇಳಿಬಿಟ್ಟಲ್ಲದೆ ದೂರದ ನಿಲಯಗಳು ಸ್ಫುಟವಾಗಿ ಕೇಳದಿದ್ದ ಆ ದಿನಗಳಲ್ಲಿ ಅದು ಯುಕ್ತವೂ ಆಗಿದ್ದಿತು.

ಇಂದಿನ ಪುಟ್ಟ ರೇಡಿಯೋದ ಪ್ರಕೃತಿ ಬೇರೆ. ತನ್ನ ಕಡ್ಡಿ ತರುವ ಅತ್ಯಲ್ಪ ಸಂಕೇತಕ್ಕೆ ಒಗ್ಗುವಂತೆ ರಚಿತವಾದ ಅದರ ಪ್ರಥಮ ವರ್ಧಕವು ಬಹುಮಟ್ಟಿಗೆ ಸಕಲ ತರಂಗಗಳಿಗೂ ತೆರೆದುಕೊಂಡಿರುವುದರಿಂದ, ಮೂವತ್ತು ಮೀಟರ್ ತಂತಿಯನ್ನು ಸಿಕ್ಕಿಸಿದೊಡನೆ ಪ್ರಬಲ ನಿಲಯಗಳೆಲ್ಲ ಒಟ್ಟಿಗೆ ಒಳನುಗ್ಗಿ, ಪರಸ್ಪರ ಬೆರೆತು, ಇಲ್ಲದೆಡೆಯಲ್ಲಿ ಇಲ್ಲದ ನಿಲಯಗಳನ್ನು ಸೃಷ್ಟಿಸುವುವು. 49 ಮೀಟರ್ ಬ್ಯಾಂಡಿನಲ್ಲಿ ಊರಿನ ಮೀಡಿಯಂ ವೇವ್ ಕೇಂದ್ರದ ಕೃಷಿರಂಗ ಕೇಳಿಬಂದರೆ ಅದು ದೂರಶ್ರವಣದ ಸಿದ್ಧಿಯಲ್ಲ, ಯಂತ್ರದ ಅಜೀರ್ಣ. ಪರೀಕ್ಷೆ ಸುಲಭ: ರೇಡಿಯೋದ ಗ್ರಹಣಶಕ್ತಿಯನ್ನು ತಗ್ಗಿಸುವ ಸ್ವಿಚ್ಚನ್ನು ದೂರದ ನಿಲಯಗಳಿಗಾದ 'ಡಿಎಕ್ಸ್'ನಿಂದ ಹತ್ತಿರದವುಗಳಿಗಾದ 'ಲೋಕಲ್' ಕಡೆಗೆ ತಳ್ಳಿದಾಗ ನಿಜವಾದ ನಿಲಯದ ಧ್ವನಿ ಒಂದಿಷ್ಟು ತಗ್ಗುವುದು, ಹುಸಿನಿಲಯವೋ ಹೇಳಹೆಸರಿಲ್ಲದಂತೆ ಮಾಯವಾಗುವುದು.

ಇದಕ್ಕಿಂತ ಗುರುತರವಾದುದು ಗದ್ದಲದ ಪ್ರಶ್ನೆ. ಎಲ್‌ಇಡಿ ದೀಪ, ಮೊಬೈಲಿನ ಚಾರ್ಜರು, ಇನ್ವರ್ಟರುಗಳ ಕರ್ಕಶಧ್ವನಿಯಲ್ಲಿ ಮುಳುಗಿದ ಮನೆಯೊಳಗೆ ತಂತಿಯನ್ನು ದ್ವಿಗುಣಗೊಳಿಸಿದರೆ ಸಂಕೇತದೊಡನೆ ಗದ್ದಲವೂ ಏರುವುದೇ ಹೊರತು ಅವುಗಳ ಅನುಪಾತ ಸುಧಾರಿಸದು. ಸೂಚಕದ ಪಟ್ಟಿಗಳು ತುಂಬಿ ತುಳುಕಿದರೂ ಕಿವಿಗೆ ಲಾಭವಿಲ್ಲ. ಆದುದರಿಂದ ತಂತಿ ಎಷ್ಟುದ್ದವೆಂಬುದಕ್ಕಿಂತ ಅದು ಎಲ್ಲಿದೆಯೆಂಬುದನ್ನೇ ನಾನು ಮೊದಲು ಕೇಳುವೆನು.

ಟೆಕ್ಸನ್ ಸಂಸ್ಥೆಯ ಎಎನ್-03ಎಲ್ ಎಂಬ ಸುರುಳಿ ಏರಿಯಲ್ಲಿನ ತಂತಿ ಏಳೇ ಮೀಟರು. 31 ಮೀಟರ್ ತರಂಗದ ಕಾಲುಭಾಗಕ್ಕೆ ಸಮೀಪವಾದ ಈ ಮಿತಿ ಪುಟ್ಟ ರೇಡಿಯೋಗೆ ಹದವಾದುದು. ಕಿಟಕಿಯಿಂದಾಚೆಗೆ, ಗೋಡೆಯ ವಯರಿಂಗಿಗೆ ದೂರವಾಗಿ ಎಳೆದು ಕಟ್ಟಿದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಕೋಣೆಯೊಳಗೇ ಪರದೆಯ ಕಂಬಿಗೆ ಸುತ್ತಿದರೆ ಅದು ಗದ್ದಲವನ್ನು ಆಯುವ ಸಾಧನ ಮಾತ್ರ. ಗುಡುಗಿನ ದಿನಗಳಲ್ಲಿ ಅದನ್ನು ಕಳಚಿಡತಕ್ಕದ್ದು. ಸಿಡಿಲು ಎರಗಬೇಕೆಂದಿಲ್ಲ, ತಂತಿಯಲ್ಲಿ ಕೂಡಿಕೊಂಡ ಸ್ಥಿರವಿದ್ಯುತ್ತೇ ಪ್ರಥಮ ಟ್ರಾನ್ಸಿಸ್ಟರನ್ನು ಸುಟ್ಟೀತು.

ಬಹುಮಹಡಿಯ ಕಟ್ಟಡಗಳಲ್ಲಿ ವಾಸಿಸುವವರಿಗೆ ಲೂಪ್ ಏರಿಯಲ್ಲೇ ಮೇಲೆಂಬುದು ನನ್ನ ಅಭಿಮತ. ಸೋನಿಯ ಎಎನ್-ಎಲ್‌ಪಿ1ರಂತಹ ಸಣ್ಣ ಬಳೆಯು ತಾನಾಗಿ ಹಿಡಿಯುವುದು ಅತ್ಯಲ್ಪ. ಜೊತೆಗಿರುವ ವರ್ಧಕವಿಲ್ಲದೆ ಅದರ ಆಟ ನಡೆಯದು. ಆದರೂ ಬಳೆಯ ಅಗಲಮುಖವನ್ನು ಗದ್ದಲದ ಮೂಲದ ಕಡೆಗೆ ತಿರುಗಿಸಿದರೆ ಆ ದಿಕ್ಕಿಗೆ ಅದು ಬಹುಮಟ್ಟಿಗೆ ಕಿವುಡಾಗುವುದು. ಆಗಸದಿಂದ ಬಾಗಿ ಓರೆಯಾಗಿ ಇಳಿಯುವ ದೂರನಿಲಯದ ತರಂಗಗಳಿಗೆ ಇದರಿಂದ ಅಷ್ಟಾಗಿ ಹಾನಿಯಿಲ್ಲ. ಉದ್ದ ತಂತಿಯಲ್ಲಿ ಈ ಆಯ್ಕೆಯೇ ಇಲ್ಲ.

ಇವೆಲ್ಲಕ್ಕೂ ಮೊದಲು, ಬ್ಯಾಟರಿಯ ಮೇಲೆ ರೇಡಿಯೋವನ್ನು ನುಡಿಸುತ್ತ ಮನೆಯ ಮೆಯಿನ್ ಸ್ವಿಚ್ಚನ್ನೂ ಇನ್ವರ್ಟರನ್ನೂ ಒಂದು ಗಳಿಗೆ ಆರಿಸಿ ನೋಡಬೇಕು. ಗದ್ದಲ ಅಡಗಿ ನಿಲಯ ತಿಳಿಯಾದರೆ ಬದಲಾಯಿಸಬೇಕಾದುದು ಏರಿಯಲ್ಲನ್ನಲ್ಲ, ಚಾರ್ಜರನ್ನು. ಅದಕ್ಕೆ ಲೂಪಿಗಿಂತ ಬಹಳ ಕಡಿಮೆ ಹಣ ಸಾಕು.